ಹಿರಿಯರನ್ನು ನೋಡಿ ಕಲಿ ಅಂತಾರೆ. ಏನನ್ನು ನೋಡಬೇಕು?

ಪ್ರಶ್ನೆ: ಹೊಸನಗರ ತಾಲ್ಲೂಕಿನ ಸಣ್ಣ ಊರು ನಮ್ಮದು. ಹೋದ ವರ್ಷ ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಅಧ್ಯಕ್ಷೆ ಆದೆ. ಹೆಂಗಸರು ಈ ಜಾಗಕ್ಕೆ ಬಂದಿದ್ದು ಇದೇ ಮೊದಲು. ನನಗಿಂತ ಮುಂಚೆ ಇದ್ದವರು ನಮ್ಮ ಯಜಮಾನರ ದೊಡ್ಡಪ್ಪ. ನಾನು ದೊಡ್ಡ ಮಾವ ಅನ್ನುತ್ತೇನೆ. ಇಪ್ಪತ್ತು ವರ್ಷ ಅವರೇ ಇದ್ದರು. ಅವರ ಮಾತು ಅಂದರೆ ಮಾತು. ಹಾಲಿಗೆ ನೀರು ಬೆರೆಸಿದವರನ್ನು ಒಂದು ಸಲ ಗದರಿದರೆ ಮತ್ತೆ ಆ ಮನೆಯಿಂದ ತಕರಾರು ಇರುತ್ತಿರಲಿಲ್ಲ. ನಾನೂ ಹಾಗೇ ಮಾಡಿದೆ. ಹಾಲು ಎಷ್ಟು ಗಟ್ಟಿ ಅನ್ನುವ ಅಳತೆ, ಅಂದರೆ ಡಿಗ್ರಿ, ಕಮ್ಮಿ ಬಂದ ಒಬ್ಬರಿಗೆ ಎಲ್ಲರ ಎದುರೇ ಹೇಳಿದೆ. ಅವರು, ಅವರ ಇಬ್ಬರು ತಮ್ಮಂದಿರು, ಮೂರೂ ಮನೆಯವರು ಸಂಘಕ್ಕೆ ಹಾಲು ಹಾಕುವುದನ್ನೇ ಬಿಟ್ಟು ಈಗ ಖಾಸಗಿ ಡೈರಿಗೆ ಹಾಕುತ್ತಿದ್ದಾರೆ.

ಎಲ್ಲರೂ ‘ದೊಡ್ಡವರ ಹತ್ತಿರ ಕೂತು ಕಲಿ’ ಅಂತಾರೆ. ಕೂತೆ. ‘ಇಷ್ಟು ವರ್ಷ ಹೇಗೆ ನಡೆಸಿದ್ರಿ ಮಾವ’ ಅಂದರೆ ‘ಅದೆಲ್ಲ ಹೇಳಿಕೊಡೋದಲ್ಲ ಮಾರಾಯ್ತಿ, ಅನುಭವದಲ್ಲಿ ಬರುತ್ತೆ’ ಅಂತಾರೆ. ಜಾಸ್ತಿ ಕೇಳಿದರೆ ಹಳೇ ಕಥೆ ತೆಗೆಯುತ್ತಾರೆ. ಅಧ್ಯಕ್ಷರಾಗಿದ್ದಾಗಲೂ ದಿನಾ ಬೆಳಗ್ಗೆ ತಾವೇ ಕ್ಯಾನ್ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ಆಳಿಗೆ ಕೊಟ್ಟು ಕಳಿಸಲೂ ಜಿಪುಣತನ ಅಂತ ಊರಲ್ಲಿ ನಗುತ್ತಿದ್ದರು. ಇಂಥವರಿಂದ ಎಂಥ ನಾಯಕತ್ವ ಕಲಿಯುವುದು? ಜೊತೆಗೆ, ಬೇಕಾದವರಿಗೆ ಠರಾವು ಇಲ್ಲದೆ ಮುಂಗಡ ಕೊಡಿಸುತ್ತಿದ್ದರು. ಈಗ ಆ ಜನ ನನ್ನ ಹತ್ತಿರ ಬರುತ್ತಾರೆ. ನಾಯಕತ್ವ ಹುಟ್ಟಿನಿಂದಲೇ ಬರಬೇಕಾ? ಅವರ ದಾರಿ ಹಿಡಿಯಲಾ, ನನ್ನ ದಾರಿ ನೋಡಿಕೊಳ್ಳಲಾ? ಬೆಂಗಳೂರಿನಲ್ಲಿ ಎರಡು ದಿನದ ನಾಯಕತ್ವ ಶಿಬಿರ ಇದೆಯಂತೆ, ಹೋಗಲಾ? ರಾಜೀನಾಮೆ ಕೊಟ್ಟುಬಿಡೋಣ ಅಂತಲೂ ಅನ್ನಿಸಿದೆ. (ಹೆಸರು ಬೇಡ)

ಉತ್ತರ: ಪ್ರಶ್ನೆ ಹಲವು ಕೇಳಿದ್ದೀರಿ, ಸಂಕಟ ಮಾತ್ರ ಒಂದೇ. ದೊಡ್ಡ ಮಾವ ಮಾಡಿದ್ದನ್ನೇ ನಾನೂ ಮಾಡಿದೆ, ಅವರಿಗೆ ನಡೆದಿದ್ದು ನನಗೆ ಯಾಕೆ ನಡೆಯಲಿಲ್ಲ ಅಂತ. ಸಹಕಾರ ಸಂಘಗಳ ನಿರ್ದೇಶಕರಿಗೆ, ಸ್ತ್ರೀಶಕ್ತಿ ಗುಂಪಿನವರಿಗೆ ತರಬೇತಿ ಕೊಡುವುದು ನನ್ನ ಕಸುಬು. ಶಿಕಾರಿಪುರ ಇರಲಿ ತೀರ್ಥಹಳ್ಳಿ ಇರಲಿ, ಹೊಸದಾಗಿ ಕುರ್ಚಿಗೆ ಬಂದವರು ಹೆಚ್ಚುಕಮ್ಮಿ ಇದನ್ನೇ ಕೇಳುತ್ತಾರೆ. ಉತ್ತರದ ಒಂದು ತುಂಡು ನಿಮ್ಮ ಪತ್ರದಲ್ಲೇ ಇದೆ. ನೀವು ಅದನ್ನು ಜಿಪುಣತನದ ಲೆಕ್ಕಕ್ಕೆ ಬರೆದುಬಿಟ್ಟಿದ್ದೀರಿ. ಅಲ್ಲಿಗೆ ಬರುತ್ತೇನೆ.

ಮೊದಲು ಹುಟ್ಟಿನ ಮಾತು ಮುಗಿಸೋಣ. ಇದರ ಬಗ್ಗೆ ಕಟ್ಟೆ ಮೇಲೆ ಎಷ್ಟು ಬೇಕಾದರೂ ಹರಟಬಹುದು, ಆದರೆ ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಅಮೆರಿಕದ ರಿಚರ್ಡ್ ಆರ್ವಿ ಮತ್ತು ಜೊತೆಯವರು ಮಿನ್ನೆಸೋಟಾದ ಅವಳಿ ಗಂಡಸರನ್ನು ಹೋಲಿಸಿ ನೋಡಿದರು. 2006ರಲ್ಲಿ ಅದು ಪ್ರಕಟವಾಯಿತು. ಯಾರು ನಾಯಕರ ಸ್ಥಾನಕ್ಕೆ ಬರುತ್ತಾರೆ, ಯಾರು ಬರುವುದಿಲ್ಲ ಅನ್ನುವ ವ್ಯತ್ಯಾಸದಲ್ಲಿ ಹುಟ್ಟಿನ ಪಾಲು ಸುಮಾರು ಶೇ. 30 ಅಂತ ಅವರಿಗೆ ಕಂಡಿತು. ಉಳಿದದ್ದು ಸಿಕ್ಕ ಅವಕಾಶ, ಮಾಡಿದ ಕೆಲಸ ಇಂಥವುಗಳ ಪಾಲು. ಇನ್ನೊಂದು ಗಮನಿಸಿ. ಅವರು ಅಳೆದದ್ದು ಕುರ್ಚಿಗೆ ಬರುವುದನ್ನು, ಕುರ್ಚಿಯಲ್ಲಿ ಕೂತು ಚೆನ್ನಾಗಿ ನಡೆಸುವುದನ್ನಲ್ಲ. ನೀವು ಆಗಲೇ ಬಂದು ಕೂತಾಗಿದೆ. ನಿಮ್ಮ ಮಟ್ಟಿಗೆ ಆ ಪ್ರಶ್ನೆ ಮುಗಿಯಿತು.

ಎರಡನೆಯದು, ದೊಡ್ಡ ಮಾವ ಏನನ್ನೋ ಬಚ್ಚಿಡುತ್ತಿದ್ದಾರೆ ಅನ್ನುವ ಅನುಮಾನ. ನೀವು ಬಾಯಿಬಿಟ್ಟು ಬರೆದಿಲ್ಲ, ಆದರೆ ಪತ್ರದಲ್ಲಿ ಅದರ ವಾಸನೆ ಇದೆ. ನನಗೆ ಹಾಗನ್ನಿಸುವುದಿಲ್ಲ. ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗಾರನನ್ನು ನೋಡಿರುತ್ತೀರಿ. ಮರದ ತುದಿಯಲ್ಲಿ ಕೂತು, ಪಕ್ಕದ ಮರವನ್ನು ಎಳೆದುಕೊಂಡು, ನೆಲಕ್ಕಿಳಿಯದೆ ದಾಟಿಬಿಡುತ್ತಾನೆ. ಯಾವ ಮರ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿ ನೋಡಿ. ‘ಗೊತ್ತಾಗುತ್ತೆ’ ಅಂತಾನೆ, ಅಷ್ಟೇ. ಅವನು ಗುಟ್ಟು ಮಾಡುತ್ತಿಲ್ಲ. ಕೈಗೆ ಗೊತ್ತಿರುವುದೆಲ್ಲ ಬಾಯಿಗೆ ಬರುವುದಿಲ್ಲ.

ಇದನ್ನು ಕೂಲಂಕಷವಾಗಿ ನೋಡಿದವರು ಗ್ಯಾರಿ ಕ್ಲೈನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. 1980ರ ದಶಕದಲ್ಲಿ ಅವರು ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ಮಾತಾಡಿಸುತ್ತಾ ಹೋದರು. ಬೆಂಕಿಯ ಎದುರು ನಿಂತು ನಿರ್ಧಾರ ಹೇಗೆ ತೆಗೆದುಕೊಳ್ಳುತ್ತೀರಿ ಅಂತ ಕೇಳಿದರೆ, ‘ನಾವು ನಿರ್ಧಾರ ಅಂತ ಏನೂ ಮಾಡುವುದಿಲ್ಲ’ ಅನ್ನುವ ಉತ್ತರ ಬರುತ್ತಿತ್ತು. ಅವರಲ್ಲೊಬ್ಬ ಒಂದು ಮನೆಯ ಹಿಂಬದಿ ಅಡುಗೆಮನೆಯ ಬೆಂಕಿಗೆ ನೀರು ಹೊಡೆಸುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ತನ್ನ ಹುಡುಗರನ್ನೆಲ್ಲ ಹೊರಗೆ ಕರೆಸಿದ್ದ. ಅವರು ಹೊರಬಿದ್ದ ಮೇಲೆ ಅಲ್ಲಿಯವರೆಗೆ ನಿಂತಿದ್ದ ನೆಲವೇ ಕುಸಿಯಿತು. ಬೆಂಕಿಯ ಬುಡ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ. ಹೇಗೆ ಗೊತ್ತಾಯಿತು ಅಂದರೆ ಅವನಿಗೇ ಹೇಳಲು ಬರಲಿಲ್ಲ. ತನಗೇನೋ ವಿಶೇಷ ಶಕ್ತಿ ಇದೆ ಅಂದುಕೊಂಡಿದ್ದ. ಆ ಒಂದು ಘಟನೆಯನ್ನೇ ಹಿಡಿದು, ಆಮೇಲೇನಾಯಿತು, ಆಗ ಏನು ಕಂಡಿತು ಅಂತ ಒಂದೊಂದೇ ಕೇಳಿದಾಗ ಕಾರಣ ಹೊರಬಂತು. ನೀರು ಹೊಡೆದರೂ ಬೆಂಕಿ ತಗ್ಗಿರಲಿಲ್ಲ. ಅಷ್ಟು ಬೆಂಕಿಗೆ ಕಾವು ಜಾಸ್ತಿ ಇತ್ತು. ಸದ್ದು ಮಾತ್ರ ಕಮ್ಮಿ ಇತ್ತು.

ಅಂದರೆ ‘ಹೇಗೆ ನಡೆಸಿದ್ರಿ’ ಅನ್ನುವ ಪ್ರಶ್ನೆಯೇ ಕೆಲಸಕ್ಕೆ ಬಾರದ್ದು. ಅದಕ್ಕೆ ಎಂಥ ಅನುಭವಸ್ಥರೂ ಒಂದೋ ಗಾದೆ ಹೇಳುತ್ತಾರೆ, ಇಲ್ಲ ಕಥೆ ಹೇಳುತ್ತಾರೆ.

ಈಗ ಕ್ಯಾನಿನ ವಿಷಯ. ಇಪ್ಪತ್ತು ವರ್ಷ ಅಧ್ಯಕ್ಷರೇ ಸಾಲಿನಲ್ಲಿ ನಿಂತಿದ್ದಾರೆ. ಬೆಳಗ್ಗೆ ಬಲ್ಬಿನ ಬೆಳಕಿನಲ್ಲಿ, ಮಳೆಗಾಲವಾದರೆ ಕಂಬಳಿಕೊಪ್ಪೆಯಲ್ಲಿ, ಎಲ್ಲರ ನಡುವೆ. ಪರೀಕ್ಷಕ ಅವರ ಹಾಲಿಗೂ ಡಿಗ್ರಿ ತೋರಿಸುವ ಲ್ಯಾಕ್ಟೋಮೀಟರ್ ಬಿಟ್ಟಿದ್ದಾನೆ, ಫ್ಯಾಟ್ ನೋಡಿದ್ದಾನೆ, ಬಂದಷ್ಟನ್ನೇ ಬರೆದು ಚೀಟಿ ಕೊಟ್ಟಿದ್ದಾನೆ. ಅವರ ಹಾಲಿಗೂ ಡಿಗ್ರಿ ಕಮ್ಮಿ ಬಂದ ದಿನಗಳು ಇದ್ದೇ ಇರುತ್ತವೆ. ಆಗ ಅವರು ಏನು ಮಾಡಿದರು? ಚೀಟಿ ಜೇಬಿಗೆ ಹಾಕಿಕೊಂಡು ಸುಮ್ನೆ ಮನೆಗೆ ಹೋದರೋ, ‘ಇನ್ನೊಂದು ಸಲ ನೋಡು’ ಅಂದರೋ? ಮೊದಲನೆಯದೇ ಇರಬೇಕು ಅಂತ ನನ್ನ ಊಹೆ. ಪರೀಕ್ಷಕನನ್ನು ಕೇಳಿ ನೋಡಿ, ಅವನಿಗೆ ನೆನಪಿರುತ್ತದೆ. ಸಾಲಿನಲ್ಲಿ ಹಿಂದೆ ಮುಂದೆ ನಿಂತವರೂ ಅದನ್ನು ವರ್ಷಗಟ್ಟಲೆ ನೋಡಿದ್ದಾರೆ. ಜಿಪುಣ ಅಂತ ನಕ್ಕಿದ್ದಾರೆ, ನಿಜ. ಆದರೆ ಅಳತೆ ಅಧ್ಯಕ್ಷರಿಗೂ ಅದೇ, ನಮಗೂ ಅದೇ ಅನ್ನುವುದು ಒಳಗೆ ಇಳಿದಿದೆ. ಅವರು ಗದರಿದಾಗ ಎದುರಿನವರು ಬಾಯಿ ಮುಚ್ಚಿದ್ದು ಗಂಟಲಿಗೆ ಹೆದರಿ ಅಲ್ಲ.

ಎಡ್ವಿನ್ ಹೊಲಾಂಡರ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ 1958ರಲ್ಲೇ ಇದನ್ನು ಜಮಾ-ಖರ್ಚಿನ ಭಾಷೆಯಲ್ಲಿ ಹೇಳಿದ್ದರು. ಗುಂಪಿನ ರೀತಿ-ನೀತಿಗೆ ಬದ್ಧವಾಗಿದ್ದು, ಕೆಲಸವನ್ನೂ ಚೆನ್ನಾಗಿ ಮಾಡಿದವರ ಹೆಸರಿನಲ್ಲಿ ಗುಂಪು ಒಂದಿಷ್ಟು ಜಮೆ ಮಾಡಿಡುತ್ತದೆ. ಮುಂದೆ ಅವರು ಕಟುವಾಗಿ ನಡೆದುಕೊಂಡಾಗ, ರೂಢಿ ಬಿಟ್ಟು ಏನಾದರೂ ಮಾಡಿದಾಗ, ಅದು ಆ ಜಮೆಯಿಂದ ಖರ್ಚಾಗುತ್ತದೆ. ದೊಡ್ಡ ಮಾವ ಇಪ್ಪತ್ತು ವರ್ಷ ಕಟ್ಟಿದ್ದನ್ನು ಖರ್ಚು ಮಾಡುತ್ತಿದ್ದರು. ನೀವು ಖಾತೆ ತೆರೆದ ವರ್ಷವೇ ಚೆಕ್ ಬರೆದಿರಿ.

ಇದರಲ್ಲಿ ಹಾಲಿನ ಸಂಗತಿಯೂ ಒಂದಿದೆ. ಅದನ್ನು ಬಿಟ್ಟು ಬರೀ ನಾಯಕತ್ವ ಮಾತಾಡಿದರೆ ಅರ್ಧ ಮಾತಾಡಿದ ಹಾಗೆ. ಡಿಗ್ರಿ ಕಮ್ಮಿ ಬಂತು ಅಂದರೆ ನೀರು ಹಾಕಿದ್ದಾರೆ ಅಂತಲೇ ಅಲ್ಲ. ಆಗತಾನೇ ಕರೆದ ಹಾಲು ಬಿಸಿಯಿರುತ್ತದೆ, ಅದರಲ್ಲಿ ಗಾಳಿಯೂ ಸೇರಿರುತ್ತದೆ. ಲ್ಯಾಕ್ಟೋಮೀಟರ್ ಅಂಥ ಹಾಲಿನಲ್ಲಿ ಕೆಳಗೇ ನಿಲ್ಲುತ್ತದೆ. ಹಾಲಿನ ಬಿಸಿ ನೋಡಿ ಲೆಕ್ಕ ಸರಿಮಾಡಿಕೊಳ್ಳದೆ ಓದಿದರೆ ಒಳ್ಳೇ ಹಾಲೂ ಕಳಪೆಯಾಗಿ ಕಾಣುತ್ತದೆ. ಸಂಘದ ಹತ್ತಿರದ ಮನೆಯವರು ಕರೆದ ಕೂಡಲೇ ತರುತ್ತಾರೆ, ದೂರದವರ ಹಾಲು ಬರುವಷ್ಟರಲ್ಲಿ ಆರಿರುತ್ತದೆ. ಅಲ್ಲಿಗೇ ಒಂದು ಜಗಳಕ್ಕೆ ಸಾಮಾನು ತಯಾರು. ಹಿಂಡಿ ಸಾಲದಿದ್ದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ, ಅಂದರೆ ಎಸ್‌ಎನ್‌ಎಫ್ ಇಳಿಯುತ್ತದೆ. ಕೆಚ್ಚಲು ಬಾವು ಶುರುವಾಗಿದ್ದರೂ ಇಳಿಯುತ್ತದೆ, ಎಷ್ಟೋ ಸಲ ಮನೆಯವರಿಗೆ ಬಾವು ಕಾಣುವ ಮೊದಲೇ. ನಮ್ಮ ಮಳೆಗಾಲದ ಎಳೇ ಹುಲ್ಲು ನೋಡಲು ಚೆಂದ, ಆದರೆ ಅದರಲ್ಲಿ ನೀರೇ ಜಾಸ್ತಿ, ನಾರು ಕಮ್ಮಿ. ಹಸುವಿನ ಹೊಟ್ಟೆ ತುಂಬುತ್ತದೆ, ಫ್ಯಾಟ್ ಬೀಳುತ್ತದೆ. ಸಂಘದ ಹಾಲು ಕೊಳ್ಳುವ ಒಕ್ಕೂಟ ಕೇಳುವುದು ಫ್ಯಾಟ್ ಶೇ. 3.5, ಎಸ್‌ಎನ್‌ಎಫ್ 8.5. ನೀರು ಬೆರೆಸದವರೂ ಅದಕ್ಕಿಂತ ಕೆಳಗೆ ಬರಲು ಇಷ್ಟು ದಾರಿ ಇದೆ.

ಹಾಗಾಗಿ ದೊಡ್ಡ ಮಾವ ಗದರುವ ಮೊದಲು ಏನು ಮಾಡುತ್ತಿದ್ದರು ಅನ್ನುವುದು ನಿಮಗೆ ಬೇಕಾದ ಸಂಗತಿ. ಆ ಮನೆಯಲ್ಲಿ ಹಸು ಕರು ಹಾಕಿ ಎಷ್ಟು ತಿಂಗಳಾಯಿತು, ಹಿಂಡಿ ಒಯ್ಯುತ್ತಿದ್ದಾರಾ ಇಲ್ಲವಾ ಅಂತ ವಿಚಾರಿಸಿರುತ್ತಾರೆ. ‘ಏನೋ, ಹಸುಗೆ ಹುಷಾರಿಲ್ವಾ’ ಅಂತ ದಾರಿಯಲ್ಲಿ ಸಿಕ್ಕಾಗ ಕೇಳಿರುತ್ತಾರೆ. ನೀರು ಹಾಕಿದವನಿಗೆ ಆ ಪ್ರಶ್ನೆಯಲ್ಲೇ ಒಂದು ಬಾಗಿಲು ಸಿಗುತ್ತದೆ. ‘ಹೌದಣ್ಣ, ಸ್ವಲ್ಪ ಹುಷಾರಿಲ್ಲ’ ಅಂತ ಹೇಳಿ ಮರುದಿನದಿಂದ ಸರಿಯಾದ ಹಾಲು ತರಬಹುದು, ಮರ್ಯಾದೆಯೂ ಉಳಿಯುತ್ತದೆ. ಇಷ್ಟಾದ ಮೇಲೂ ಸರಿಹೋಗದವರನ್ನು ಮಾತ್ರ ಅವರು ಸಾಲಿನಲ್ಲಿ ಗದರಿರಬೇಕು. ಊರಿಗೆ ಕೇಳಿಸಿದ್ದು ಆ ಕೊನೆಯ ಮಾತು. ನೀವು ಅಲ್ಲಿಂದಲೇ ಶುರು ಮಾಡಿದ್ದೀರಿ.

ದೊಡ್ಡ ನಾಯಕರ ವಿಷಯದಲ್ಲೂ ನಮ್ಮ ಕಣ್ಣು ಹೀಗೇ ಮೋಸ ಹೋಗುತ್ತದೆ. ನಿಮ್ಮ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡು ತೆಗೆದುಕೊಳ್ಳಿ. ಗೇಣಿದಾರ ರೈತರು ಜಮೀನುದಾರರ ವಿರುದ್ಧ ನಡೆಸಿದ ಕಾಗೋಡು ಸತ್ಯಾಗ್ರಹ ಅಂದ ಕೂಡಲೇ ನಮಗೆ ನೆನಪಾಗುವುದು 1951, ಗದ್ದೆಗಿಳಿದ ಗೇಣಿದಾರರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು, ಇಲ್ಲಿಗೆ ಬಂದು ಬಂಧನಕ್ಕೆ ಒಳಗಾದ ರಾಮಮನೋಹರ ಲೋಹಿಯಾ. ಆದರೆ ಅದಕ್ಕೂ ಮೊದಲೇ ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಟ್ಟುಗೂಡಿಸಿ ಸಂಘ ಕಟ್ಟಿದ್ದರು. ಅವರು ಹಿಡಿದುಕೊಂಡದ್ದು ಭಾರೀ ಘೋಷಣೆಯನ್ನಲ್ಲ, ಗೇಣಿ ಭತ್ತ ಅಳೆಯುವ ಕೊಳಗವನ್ನು. ಕೊಳಗ ಎಷ್ಟು ದೊಡ್ಡದಿರಬೇಕು ಅನ್ನುವುದು ಪ್ರತಿ ಗೇಣಿದಾರನ ಮನೆಯ ಅಂಗಳಕ್ಕೆ ಬಂದ ತಕರಾರಾಗಿತ್ತು. (ನಿಮ್ಮಲ್ಲೂ ಜಗಳ ಹತ್ತಿದ್ದು ಅಳತೆಯಿಂದಲೇ, ಅಲ್ವಾ.) ಗೋಪಾಲಗೌಡರು 1952ರಲ್ಲಿ ಗೆದ್ದು ವಿಧಾನಸಭೆಗೆ ಹೋದರು. ಗೇಣಿ ಪದ್ಧತಿ ತೆಗೆದುಹಾಕಿದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಅಷ್ಟರಲ್ಲಿ ಗೌಡರು ತೀರಿಕೊಂಡು ಎರಡು ವರ್ಷ ಆಗುತ್ತಾ ಬಂದಿತ್ತು. ಭಾಷಣ, ಬಂಧನ ಇವು ಫೋಟೋಗೆ ಸಿಗುತ್ತವೆ. ಜಗುಲಿ ಮೇಲೆ ಕೂತು ಒಬ್ಬೊಬ್ಬರನ್ನೇ ಒಪ್ಪಿಸಿದ್ದು ಸಿಗುವುದಿಲ್ಲ. ನಾಯಕರ ಜೀವನಚರಿತ್ರೆ ಓದಿ, ವಿಡಿಯೋ ನೋಡಿ ನಾಯಕತ್ವ ಕಲಿಯುತ್ತೇವೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಹೆಣ್ಣು ಅನ್ನುವ ಕಾರಣವೂ ಇದೆಯಾ? ಇದೆ. ಗಂಡಸು ಗದರಿದರೆ ಖಡಕ್ಕು, ಹೆಂಗಸು ಗದರಿದರೆ ಜಂಭ. ಇದನ್ನು ನೀವು ಕಲಿತು ಸರಿಮಾಡುವಂಥದ್ದಲ್ಲ, ನಿಮ್ಮ ತಪ್ಪೂ ಅಲ್ಲ. ಆದರೆ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಯಜಮಾನರು ನಿಮ್ಮ ಪರವಾಗಿ ಸಂಘದಲ್ಲಿ ಮಾತಾಡುವುದು ಶುರುವಾಗಿದ್ದರೆ ಇವತ್ತೇ ನಿಲ್ಲಿಸಿ. ಅವರು ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ, ಒಂದು ಸಲ ‘ಅಧ್ಯಕ್ಷರ ಗಂಡನನ್ನು ಕೇಳೋಣ’ ಅಂತ ಜನಕ್ಕೆ ರೂಢಿಯಾದರೆ ಬಿಡಿಸುವುದು ಕಷ್ಟ.

ಈಗ ದಾರಿಗಳು. ದೊಡ್ಡ ಮಾವನ ಹತ್ತಿರ ಕೂರುವುದನ್ನು ಬಿಡಬೇಡಿ, ಕೇಳುವ ರೀತಿ ಬದಲಾಯಿಸಿ. ಒಂದು ಘಟನೆ ಆರಿಸಿಕೊಳ್ಳಿ. ಸುಲಭವಾಗಿ ಮುಗಿದದ್ದಲ್ಲ, ಕೈಮೀರುವ ಹಾಗಿದ್ದದ್ದು. ಹಾಲು ಹುಳಿ ಬಂದು ಕ್ಯಾನ್‌ಗಟ್ಟಲೆ ವಾಪಸ್ ಬಂದ ದಿನ, ಬಟವಾಡೆ ತಡವಾಗಿ ಜನ ಸಂಘದ ಬಾಗಿಲಿಗೆ ಬಂದ ದಿನ, ಕಾರ್ಯದರ್ಶಿ ಕೆಲಸಕ್ಕೆ ಇಬ್ಬರು ನೆಂಟರು ಅರ್ಜಿ ಹಾಕಿದ ಸಲ. ಇಂಥದ್ದು ಪ್ರತಿ ಸಂಘದಲ್ಲೂ ಇರುತ್ತದೆ. ಆಮೇಲೆ ‘ಏನು ಮಾಡಿದ್ರಿ’ ಅಂತ ಕೇಳಬೇಡಿ, ‘ನಿಮಗೆ ಮೊದಲು ಯಾರು ಬಂದು ಹೇಳಿದ್ರು’ ಅಂತ ಶುರು ಮಾಡಿ. ಆಗ ನಿಮಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ? ಸಭೆಗೆ ಮೊದಲು ಯಾರ ಮನೆಗೆ ಹೋದ್ರಿ? ಯಾಕೆ ಅವರ ಮನೆಗೇ? ಯಾವುದಕ್ಕೆ ಹೆದರಿದ್ರಿ? ಏನಾಗಿದ್ದರೆ ಬೇರೆ ಥರ ಮಾಡ್ತಿದ್ರಿ? ಈ ಕೊನೆಯ ಪ್ರಶ್ನೆ ಬಿಡಬೇಡಿ. ಅನುಭವಸ್ಥರು ಯಾವ ಸಣ್ಣ ಗುರುತು ನೋಡಿ ದಾರಿ ಬದಲಿಸುತ್ತಾರೆ ಅನ್ನುವುದು ಅದರಲ್ಲೇ ಹೊರಬರುತ್ತದೆ.

ಕೇಳುವ ಹೊತ್ತೂ ಮುಖ್ಯ. ಎದುರಿಗೆ ಕುರ್ಚಿ ಹಾಕಿ, ಪುಸ್ತಕ ಪೆನ್ನು ತೆಗೆದು ಕೂತರೆ ಅವರು ಭಾಷಣಕ್ಕೆ ಇಳಿಯುತ್ತಾರೆ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ನೀವೂ ಕೂತು ಕೇಳಿ. ಕೈ ಕೆಲಸದಲ್ಲಿದ್ದಾಗ ಮಲೆನಾಡಿನ ಜನ ಮಾತಾಡುವಷ್ಟು ಬೇರೆ ಯಾವಾಗಲೂ ಮಾತಾಡುವುದಿಲ್ಲ. ಮನೆಗೆ ಬಂದು ಬರೆದುಕೊಳ್ಳಿ. ಹಾಗೇ, ಹಳೆಯದಕ್ಕಿಂತ ಹೊಸದು ಒಳ್ಳೆಯದು. ಈ ವಾರ ಸಂಘದಲ್ಲಿ ಒಂದು ತೊಡಕು ಬಂದಿದ್ದರೆ, ನೀವು ತೀರ್ಮಾನ ಮಾಡುವ ಮೊದಲೇ ‘ನೀವಾಗಿದ್ರೆ ಮೊದಲು ಏನು ವಿಚಾರಿಸ್ತಿದ್ರಿ ಮಾವ’ ಅಂತ ಕೇಳಿ. ಏನು ಮಾಡ್ತಿದ್ರಿ ಅಂತಲ್ಲ, ಏನು ವಿಚಾರಿಸ್ತಿದ್ರಿ ಅಂತ. ತೀರ್ಮಾನ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಇದರ ಅಪಾಯವನ್ನೂ ಹೇಳಬೇಕು. ಫಲಿತಾಂಶ ಗೊತ್ತಾದ ಮೇಲೆ ಎಲ್ಲರಿಗೂ ‘ನನಗೆ ಮೊದಲೇ ಗೊತ್ತಿತ್ತು’ ಅನ್ನಿಸುತ್ತದೆ. ಬರೂಕ್ ಫಿಷಾಫ್ ಎಂಬ ಸಂಶೋಧಕ 1975ರಲ್ಲಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಹಾಗಾಗಿ ದೊಡ್ಡ ಮಾವನ ಕಥೆಯಲ್ಲಿ ಅದೃಷ್ಟದ ಪಾಲು ತಾನಾಗಿಯೇ ಕರಗಿಹೋಗಿರುತ್ತದೆ. ಅದೇ ಘಟನೆಯನ್ನು ಕಾರ್ಯದರ್ಶಿಯ ಹತ್ತಿರ, ಪರೀಕ್ಷಕನ ಹತ್ತಿರ, ಆಗ ಎದುರು ಪಾರ್ಟಿಯಲ್ಲಿದ್ದ ನಿರ್ದೇಶಕರ ಹತ್ತಿರ ಕೂಡ ಕೇಳಿ. ಮೂರು ಕಡೆ ಮೂರು ಥರ ಬರುತ್ತದೆ. ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಕಲಿಯುವುದಿದೆ. ಇನ್ನೊಂದು ಅಪಾಯ ಊರಿನದು. ನೀವು ಪದೇ ಪದೇ ಅವರ ಮನೆಗೆ ಹೋದರೆ, ಅಧಿಕಾರ ಇನ್ನೂ ಅವರದೇ ಅಂತ ಜನ ತಿಳಿಯುತ್ತಾರೆ. ಅವರಿಗೂ ಹಾಗೇ ಅನ್ನಿಸಲು ಶುರುವಾಗಬಹುದು. ಆಡಳಿತ ಮಂಡಳಿ ಸಭೆಯ ಹಿಂದಿನ ದಿನ ಅವರ ಮನೆಗೆ ಹೋಗಬೇಡಿ. ಸಭೆ ಆದ ಮೇಲೆ ಹೋಗಿ.

ಒಬ್ಬರೇ ಹಿರಿಯರನ್ನು ನೆಚ್ಚಿಕೊಂಡರೆ ಅವರ ಗುಣದ ಜೊತೆ ಅವಗುಣವೂ ಬರುತ್ತದೆ. ಅಕ್ಕಪಕ್ಕದ ಊರುಗಳಲ್ಲಿ ಮಹಿಳಾ ಹಾಲು ಸಂಘ ನಡೆಸುವವರಿದ್ದಾರೆ, ಒಂದಿಬ್ಬರನ್ನು ಹುಡುಕಿಕೊಳ್ಳಿ. ಯಾರು ಒಳ್ಳೆಯ ಗುರು ಅಂತ ತಿಳಿಯುವುದು ಹೇಗೆ? ಅವರು ಊರಲ್ಲಿ ಇಲ್ಲದ ದಿನ ಸಂಘ ಹೇಗೆ ನಡೆಯುತ್ತದೆ ನೋಡಿ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಶುರುವಾದದ್ದು 1949ರಲ್ಲಿ, ಹಳ್ಳಿಯ ಉತ್ಸಾಹಿಗಳ ಒಂದು ಬಳಗವಾಗಿ. 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಬಂತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯೂ ಬಂತು. ಅವರು 2005ರಲ್ಲಿ ತೀರಿಕೊಂಡರು. ಕೇಂದ್ರ ಇವತ್ತಿಗೂ ಪಾಠ ಮಾಡುತ್ತಿದೆ, ಅದರ ನಾಟಕ ತಂಡ ‘ತಿರುಗಾಟ’ ಊರೂರಿಗೆ ಹೋಗುತ್ತಿದೆ. ಪ್ರಶಸ್ತಿಗಿಂತ ಇದು ನನಗೆ ದೊಡ್ಡದಾಗಿ ಕಾಣುತ್ತದೆ. ಆ ಲೆಕ್ಕದಲ್ಲಿ ನಿಮ್ಮ ದೊಡ್ಡ ಮಾವನಿಗೆ ಸ್ವಲ್ಪ ಕಮ್ಮಿ ಅಂಕವೇ. ಇಪ್ಪತ್ತು ವರ್ಷದಲ್ಲಿ ಮುಂದಿನವರನ್ನು ತಯಾರು ಮಾಡಿದ್ದರೆ ನೀವು ನನಗೆ ಪತ್ರ ಬರೆಯಬೇಕಾಗಿರಲಿಲ್ಲ.

ಮುಂಗಡದ ವಿಷಯಕ್ಕೆ ಬಂದರೆ, ಇಲ್ಲಿ ‘ಹಿರಿಯರ ದಾರಿ’ ಅನ್ನುವ ಮಾತೇ ಬೇಡ. ಇಪ್ಪತ್ತು ವರ್ಷ ನಡೆದುಕೊಂಡು ಬಂದಿದೆ ಅಂದರೆ ಸರಿಯಿತ್ತು ಅಂತಲ್ಲ, ಯಾರೂ ಎತ್ತಲಿಲ್ಲ ಅಂತ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಕಲಂ 64 ವಿಚಾರಣೆಗೆ ಇದೆ. ಸಂಘದ ಹಣ ದುರುಪಯೋಗವಾಗಿ ನಷ್ಟವಾದರೆ ಕಾರಣರಾದವರಿಂದಲೇ ವಸೂಲು ಮಾಡಲು ಕಲಂ 69 ಇದೆ. ಸಹಿ ನಿಮ್ಮದಾದರೆ ಹೊಣೆಯೂ ನಿಮ್ಮದು. ದೊಡ್ಡ ಮಾವ ಹೇಳಿದ್ದರು ಅನ್ನುವುದು ಅಲ್ಲಿ ನಡೆಯುವುದಿಲ್ಲ.

ನಿಲ್ಲಿಸುವುದಕ್ಕೆ ಎರಡು ರೀತಿ ಇದೆ. ಒಂದು, ಹಳೆಯದನ್ನೆಲ್ಲ ಕೆದಕಿ ಮಹಾಸಭೆಯಲ್ಲಿ ಹರಡುವುದು. ಹಾಗೆ ಮಾಡಿದರೆ ಊರು ಎರಡು ಪಾರ್ಟಿಯಾಗುತ್ತದೆ, ಮನೆಯೊಳಗೂ ನೆಮ್ಮದಿ ಇರುವುದಿಲ್ಲ. ಇನ್ನೊಂದು, ಮುಂದಿನ ಮಂಡಳಿ ಸಭೆಯಲ್ಲಿ ಒಂದು ಠರಾವು ಮಾಡುವುದು. ಇಂಥ ತಾರೀಕಿನಿಂದ ಯಾವ ಮುಂಗಡವೂ ಮಂಡಳಿಯ ಒಪ್ಪಿಗೆ ಇಲ್ಲದೆ ಇಲ್ಲ, ಬಾಕಿ ಇರುವವರು ಇಷ್ಟು ಕಂತಿನಲ್ಲಿ ಬಟವಾಡೆಯಿಂದ ಕಟ್ಟಬೇಕು ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ. ಯಾರಾದರೂ ಬಂದು ಕೇಳಿದರೆ ‘ನನ್ನ ಕೈಯಲ್ಲಿಲ್ಲ, ಠರಾವಾಗಿದೆ’ ಅನ್ನಬಹುದು. ನಿಮ್ಮ ಹೊಸ ಖಾತೆಯಿಂದ ಏನೂ ಖರ್ಚಾಗುವುದಿಲ್ಲ. ನಾನಾದರೆ ಎರಡನೆಯದನ್ನೇ ಹಿಡಿಯುತ್ತೇನೆ. ದೊಡ್ಡ ಮಾವನಿಗೆ ಸಭೆಗೆ ಮುಂಚೆ ಒಂದು ಮಾತು ಹೇಳಿ. ಒಪ್ಪಿಗೆ ಕೇಳಲು ಅಲ್ಲ, ಬೇರೆಯವರ ಬಾಯಿಂದ ತಿಳಿಯಬಾರದು ಅಂತ. ಸಭೆಯ ಹಿಂದಿನ ದಿನ ಹೋಗಬೇಡಿ ಅಂದೆನಲ್ಲ, ಇದೊಂದಕ್ಕೆ ಹೋಗಿ. ಆದರೆ ಲೆಕ್ಕದಲ್ಲಿ ಹಣವೇ ಕಾಣದಿದ್ದರೆ ಈ ಮೆದು ದಾರಿ ನಡೆಯುವುದಿಲ್ಲ. ಆಗ ಲೆಕ್ಕ ಪರಿಶೋಧಕರ ಗಮನಕ್ಕೆ ಲಿಖಿತವಾಗಿ ತನ್ನಿ. ಗೊತ್ತಿದ್ದೂ ಸುಮ್ಮನಿದ್ದರೆ ನೀವೂ ಅದರಲ್ಲಿ ಪಾಲುದಾರರಾಗುತ್ತೀರಿ. ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ಆಗಬೇಕು ಅನ್ನುವುದು ನಿಮಗೆ ಗೊತ್ತೇ ಇದೆ. ಈ ಕೆಲಸ ಅದಕ್ಕೆ ತುಂಬಾ ಮೊದಲೇ ಮುಗಿಸಿಕೊಳ್ಳಿ.

ಬಿಟ್ಟುಹೋದ ಮೂರು ಮನೆ. ನಿರ್ದೇಶಕರನ್ನು ಕಳಿಸಬೇಡಿ, ನೀವೇ ಹೋಗಿ, ಮೊದಲು ಅಣ್ಣನ ಮನೆಗೆ. ‘ನೀರು ಹಾಕಿದ್ರಾ ಇಲ್ವಾ’ ಅನ್ನುವ ಚರ್ಚೆಗೆ ಇಳಿಯಲೇ ಬೇಡಿ. ‘ಎಲ್ಲರೆದುರು ಹೇಳಿದ್ದು ಸರಿಯಾಗಲಿಲ್ಲ’ ಅಂತ ಅಷ್ಟು ಮಾತ್ರ ಹೇಳಿ. ಒಕ್ಕೂಟದ ವಿಸ್ತರಣಾಧಿಕಾರಿಯನ್ನೋ ಪಶುವೈದ್ಯರನ್ನೋ ಕರೆಸಿ ಹಸು ತೋರಿಸೋಣ ಅನ್ನಿ. ಸಂಘದಲ್ಲಿ ಪರೀಕ್ಷೆ ಮಾಡುವುದು ಹಾಲು ತಂದವರ ಕಣ್ಣೆದುರೇ ನಡೆಯಲಿ, ಹಾಲಿನ ಬಿಸಿ ನೋಡುವುದೂ ಸೇರಿ. ನಾಳೆಯಿಂದ ನಿಮ್ಮ ಮನೆಯ ಹಾಲನ್ನು ನೀವೇ ತೆಗೆದುಕೊಂಡು ಹೋಗಿ ನಿಲ್ಲಿ. ಅವರು ಬರದೆಯೂ ಇರಬಹುದು. ಖಾಸಗಿಯವರು ಸದ್ಯಕ್ಕೆ ದರ ಜಾಸ್ತಿ ಕೊಡುತ್ತಿದ್ದರೆ ನಿಮ್ಮ ಮಾತಿಗಿಂತ ದರ ದೊಡ್ಡದು. ಆದರೆ ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನ, ಸಂಘದ ಬೋನಸ್ ಎರಡನ್ನೂ ಸೇರಿಸಿ ಲೆಕ್ಕ ಮಾಡಿ ಕಾಗದದಲ್ಲಿ ಬರೆದು ತೋರಿಸಿ. ಬಾಯಿಮಾತಿನಲ್ಲಿ ಈ ಲೆಕ್ಕ ಯಾರಿಗೂ ಹತ್ತುವುದಿಲ್ಲ.

ನಿಮಗಾಗಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದೊಡ್ಡ ತೀರ್ಮಾನ ಮಾಡುವ ದಿನವೇ, ಯಾಕೆ ಹೀಗೆ ಮಾಡುತ್ತಿದ್ದೇನೆ, ಏನಾಗಬಹುದು ಅಂದುಕೊಂಡಿದ್ದೇನೆ ಅಂತ ನಾಲ್ಕು ಸಾಲು ಬರೆಯಿರಿ. ಮೂರು ತಿಂಗಳು ಬಿಟ್ಟು ತೆಗೆದು ನೋಡಿ. ‘ನನಗೆ ಮೊದಲೇ ಗೊತ್ತಿತ್ತು’ ಅಂತ ಹೇಳಿಕೊಳ್ಳಲು ಆ ಸಾಲುಗಳು ಬಿಡುವುದಿಲ್ಲ. ಇದು ಬೇಜಾರಿನ ಕೆಲಸ, ಹತ್ತು ಜನಕ್ಕೆ ಹೇಳಿದರೆ ಒಬ್ಬರೋ ಇಬ್ಬರೋ ಮಾಡುತ್ತಾರೆ. ಮಾಡಿದವರು ಬೇಗ ಬೆಳೆದದ್ದನ್ನು ನಾನು ಕಂಡಿದ್ದೇನೆ.

ರಾಜೀನಾಮೆ ಈಗ ಬೇಡ. ಮೂರು ಮನೆ ಹೋದ ಬೆನ್ನಿಗೇ ನೀವೂ ಹೋದರೆ, ಹೆಂಗಸರ ಕೈಲಿ ಆಗಲ್ಲ ಅನ್ನುವ ಮಾತು ಊರಲ್ಲಿ ಗಟ್ಟಿಯಾಗುತ್ತದೆ, ಮುಂದಿನ ಹೆಣ್ಣುಮಗಳಿಗೆ ಇನ್ನೂ ಕಷ್ಟ. ಒಂದು ಪೂರ್ತಿ ವರ್ಷದ ಲೆಕ್ಕ ಮಹಾಸಭೆಗೆ ಇಟ್ಟ ಮೇಲೆ ಯೋಚನೆ ಮಾಡಿ. ಮುಂಗಡದ ವಿಷಯದಲ್ಲಿ ಮಂಡಳಿಯವರು ಠರಾವಿಗೆ ಒಪ್ಪದೆ, ನಿಮ್ಮ ಕೈಯಲ್ಲಿ ಸಹಿ ಮಾತ್ರ ಹಾಕಿಸಲು ನೋಡಿದರೆ, ಆಗ ಮಾತ್ರ ಬೇರೆ. ನಿಮ್ಮ ವಿರೋಧವನ್ನು ನಡಾವಳಿಯಲ್ಲಿ ಬರೆಸಿ ಹೊರಗೆ ಬನ್ನಿ.

ಬೆಂಗಳೂರಿನ ಶಿಬಿರದ ಬಗ್ಗೆ. ಎರಡು ದಿನದಲ್ಲಿ ಯಾರೂ ನಾಯಕರಾಗುವುದಿಲ್ಲ, ಆದರೆ ಸಭೆ ನಡೆಸುವುದು, ಲೆಕ್ಕಪತ್ರ ಓದುವುದು ಇಂಥದ್ದನ್ನು ಹೇಳಿಕೊಡುತ್ತಾರಾದರೆ ಹಣ ದಂಡವಲ್ಲ. ಕಾರ್ಯಕ್ರಮದ ಪಟ್ಟಿ ತರಿಸಿ ನೋಡಿ. ಬರೀ ಸ್ಫೂರ್ತಿ, ಆತ್ಮವಿಶ್ವಾಸ, ಕ್ರಿಕೆಟ್ ಕ್ಯಾಪ್ಟನ್‌ಗಳ ವಿಡಿಯೋ ಇದ್ದರೆ ಬಿಡಿ. ಅದರ ಬದಲು ಜಿಲ್ಲಾ ಸಹಕಾರ ಯೂನಿಯನ್, ಹಾಲು ಒಕ್ಕೂಟದವರು ನಡೆಸುವ ನಿರ್ದೇಶಕರ ತರಬೇತಿ ಯಾವಾಗಿದೆ ಅಂತ ವಿಚಾರಿಸಿ. ಕಾಯ್ದೆ, ಲೆಕ್ಕ ಅಲ್ಲಿ ಸಿಗುತ್ತದೆ, ನಿಮ್ಮಂಥ ಕಷ್ಟದಲ್ಲಿರುವ ಇನ್ನೂ ನಾಲ್ಕು ಜನ ಅಧ್ಯಕ್ಷರ ಫೋನ್ ನಂಬರೂ ಸಿಗುತ್ತದೆ. ಇಷ್ಟಾಗಿಯೂ ಬೆಂಗಳೂರಿಗೇ ಹೋಗುವುದಾದರೆ ಶುಲ್ಕ ನಿಮ್ಮ ಕೈಯಿಂದ ಕಟ್ಟಿ. ಸಂಘದಿಂದ ಕಟ್ಟುವುದಾದರೆ ಮೊದಲು ಠರಾವು ಮಾಡಿಸಿ, ಆಮೇಲೆ ಬಸ್ಸು ಹತ್ತಿ.